ಒರಟು ಮಾತಿಗೆ ಉತ್ತರ ಕೊಡುವ ಮೊದಲು ಅದನ್ನು ಬರೆದಿಡಿ

ಆಫೀಸಿನಲ್ಲಿ ಯಾರಾದರೂ ಒರಟಾಗಿ ಮಾತಾಡಿದರೆ ಮೊದಲು ಒಂದು ಕೆಲಸ ಮಾಡಿ. ಅವರು ಆಡಿದ ಮಾತನ್ನು ಒಂದು ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿಡಿ. ಅವರ ಬಾಯಿಂದ ಬಂದಷ್ಟೇ, ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ. ಪಕ್ಕದಲ್ಲಿ ದಿನಾಂಕ, ಹೊತ್ತು, ಎದುರಿಗೆ ಯಾರಿದ್ದರು ಅನ್ನುವುದನ್ನೂ ಸೇರಿಸಿ. ಆಮೇಲೆ ಕೆಳಗೊಂದು ಗೆರೆ ಎಳೆದು, ಆ ಮಾತು ಕೇಳಿ ನಿಮಗೆ ಏನನ್ನಿಸಿತು ಅಂತ ಬರೆಯಿರಿ. ಗೆರೆಯ ಮೇಲಿರುವುದು ನಡೆದದ್ದು. ಕೆಳಗಿರುವುದು ನಾವು ಅಂದುಕೊಂಡದ್ದು. ನಾನು ಕಂಡ ಬಹಳಷ್ಟು ಆಫೀಸ್ ಜಗಳಗಳು ಇವೆರಡೂ ಕಲಸಿಹೋಗಿ ಹುಟ್ಟಿದವು.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವೆಂಡರ್‌ಗಳ ಬಿಲ್ ಪರಿಶೀಲಿಸಿ ಪಾಸ್ ಮಾಡುವುದು ನಮ್ಮ ಟೀಮಿನ ಕೆಲಸ. ದುಡ್ಡಿನ ವಿಷಯ ಅಲ್ವಾ, ಎಲ್ಲ ಡಿಪಾರ್ಟ್‌ಮೆಂಟಿನವರ ಸಿಟ್ಟೂ ಒಂದಲ್ಲ ಒಂದು ದಿನ ನಮ್ಮ ಟೇಬಲ್ಲಿಗೆ ಬಂದು ನಿಲ್ಲುತ್ತದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ನನ್ನ ಬರವಣಿಗೆ ರೈಲಿನಲ್ಲೇ. ಸಂಜೆ ಸೀಟು ಸಿಕ್ಕರೆ ರಾಗಿಗುಡ್ಡ ಬರುವಷ್ಟರಲ್ಲಿ ಒಂದು ಪುಟ ಮುಗಿದಿರುತ್ತದೆ, ತಲೆಯೂ ತಣ್ಣಗಾಗಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಪರ್ಚೇಸ್ ವಿಭಾಗದವರೊಬ್ಬರು ನಮ್ಮ ಟೀಮಿನ ಹುಡುಗಿಗೆ, ‘ಈ ಬಿಲ್ ಇನ್ನೂ ನಿಮ್ಮ ಹತ್ರಾನೇ ಇದೆಯಾ?’ ಅಂದರು. ದನಿ ಜೋರಾಗಿತ್ತು. ಅವಳು ಗೆರೆಯ ಕೆಳಗೆ, ‘ನನಗೆ ಕೆಲಸ ಬರಲ್ಲ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದರು’ ಅಂತ ಬರೆದಳು. ಮೇಲಿನ ಸಾಲಿನಲ್ಲಿ ಹಾಗೆ ಇಲ್ಲವೇ ಇಲ್ಲ. ವಿಚಾರಿಸಿದಾಗ ತಿಳಿದದ್ದೇ ಬೇರೆ. ಆ ವೆಂಡರ್ ಒಂದು ಸಣ್ಣ ಕೈಗಾರಿಕೆ. ಅಂಥವರ ಜೊತೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಹೇಳುತ್ತದೆ. ಆ ಗಡುವು ಹತ್ತಿರ ಬಂದಿತ್ತು, ವೆಂಡರ್ ಬೆಳಗ್ಗೆಯಿಂದ ಪರ್ಚೇಸಿನವರಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಹಾಗಂತ ಜೋರು ದನಿ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ‘ದನಿ ತಗ್ಗಿಸಿ ಮಾತಾಡಿ’ ಅಂತ ಕೇಳುವುದಕ್ಕೂ, ‘ನನ್ನ ಕೆಲಸದ ಬಗ್ಗೆ ಮಾತಾಡೋಕೆ ನೀವ್ಯಾರು’ ಅಂತ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಎದುರಿನವರು ಒಪ್ಪುತ್ತಾರೆ. ಎರಡನೆಯದಕ್ಕೆ ಜಗಳ ಶುರು.

ತಪ್ಪು ತಿಳಿವಳಿಕೆ ಹೇಗೆ ಬೆಳೆಯುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನನ್ನ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕವಳಿದ್ದಾಗ ತಿಪಟೂರಿನಲ್ಲಿ ಮಂಗನಬಾವು ಬಂದಿತ್ತು, ಅದರಿಂದ ಹೋಯಿತು. ಮಂಗನಬಾವಿನಿಂದ ಕೆಲವು ಮಕ್ಕಳಿಗೆ ಹೀಗೆ ಒಂದು ಕಡೆಯ ಕಿವಿ ಹೋಗುವುದುಂಟು. ಬಲಗಿವಿ ಸರಿಯಾಗಿರುವುದರಿಂದ ನನ್ನನ್ನು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎದುರು ಕೂತು ಮಾತಾಡಿದರೆ ಎಲ್ಲ ಕೇಳುತ್ತದೆ. ಆದರೆ ಎಡಗಡೆಯಿಂದ ಮೆಲ್ಲಗೆ ಕರೆದರೆ ಕೇಳುವುದಿಲ್ಲ. ಕ್ಯಾಂಟೀನಿನಂಥ ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವುದು ಕಷ್ಟ. ಶಬ್ದ ಯಾವ ದಿಕ್ಕಿನಿಂದ ಬಂತು ಅಂತಲೂ ತಿಳಿಯುವುದಿಲ್ಲ, ಅದಕ್ಕೆ ಎರಡೂ ಕಿವಿ ಬೇಕು.

ಹಿಂದೆ ಕೆಲಸ ಮಾಡಿದ ಒಂದು ಕಡೆ ನನಗೆ ಎಡಬದಿಗೆ ದಾರಿ ಇರುವ ಸೀಟು ಕೊಟ್ಟಿದ್ದರು. ಹೋಗುವವರು ಬರುವವರು ‘ಗುಡ್ ಮಾರ್ನಿಂಗ್’ ಅನ್ನುತ್ತಿದ್ದರು, ನಾನು ಕಂಪ್ಯೂಟರ್ ನೋಡುತ್ತಾ ಕೂತಿರುತ್ತಿದ್ದೆ. ಕೆಲವೇ ವಾರದಲ್ಲಿ ‘ಆಯಮ್ಮನಿಗೆ ಜಂಬ’ ಅನ್ನುವುದು ಆ ಮಹಡಿಯಲ್ಲೆಲ್ಲ ಹರಡಿತ್ತು. ಆಮೇಲೆ ಅವರೂ ಬಿಗಿಯಾದರು. ಬೇಕಂತಲೇ ಮೇಲ್‌ನಿಂದ ಹೆಸರು ಬಿಡುವುದು, ಟೀಗೆ ಹೋಗುವಾಗ ಕರೆಯದೆ ಹೋಗುವುದು ಶುರುವಾಯಿತು. ಯಾರೊಬ್ಬರೂ ಬಂದು, ‘ನಾವು ಮಾತಾಡಿಸಿದರೆ ಯಾಕೆ ಉತ್ತರ ಕೊಡಲ್ಲ?’ ಅಂತ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಎರಡು ನಿಮಿಷದ ಮಾತು.

ಆದ್ದರಿಂದ ಈಗ ನಾನು ಯಾರಿಗೂ ಊಹೆ ಮಾಡುವ ಅವಕಾಶ ಕೊಡುವುದಿಲ್ಲ. ಹೊಸಬರು ಟೀಮಿಗೆ ಬಂದ ಮೊದಲ ದಿನವೇ ಹೇಳುತ್ತೇನೆ: ‘ನನಗೆ ಎಡಗಿವಿ ಕೇಳಲ್ಲ. ಕರೆದಾಗ ತಿರುಗದಿದ್ದರೆ ಕೇಳಿಸಿಲ್ಲ ಅಂತ ತಿಳ್ಕೊಳ್ಳಿ, ಬಲಗಡೆಗೆ ಬಂದು ಮಾತಾಡಿಸಿ.’ ಇಷ್ಟೇ. ನಗುತ್ತಾ ಹೇಳುತ್ತೇನೆ, ಅಳುಮುಖ ಮಾಡುವುದಿಲ್ಲ. ಮೀಟಿಂಗ್ ರೂಮಿನಲ್ಲಿ ಮೇಜಿನ ಎಡತುದಿಯಲ್ಲಿ ಕೂರುತ್ತೇನೆ, ಎಲ್ಲರೂ ಬಲಕ್ಕೆ ಬರುತ್ತಾರೆ. ನಿಮ್ಮದು ಬೇರೆ ಇರಬಹುದು. ಸಂಜೆ ಐದೂವರೆಗೆ ಮಗುವನ್ನು ಡೇಕೇರ್‌ನಿಂದ ಕರೆತರಬೇಕು, ಅದಕ್ಕೆ ಬೇಗ ಹೊರಡುತ್ತೀರಿ. ಜನರ ಎದುರು ಮಾತು ತಡವರಿಸುತ್ತದೆ, ಅದಕ್ಕೆ ಮೀಟಿಂಗಿನಲ್ಲಿ ಸುಮ್ಮನಿರುತ್ತೀರಿ. ನೀವು ಕಾರಣ ಹೇಳದಿದ್ದರೆ ಜನ ತಾವೇ ಒಂದು ಕಾರಣ ಹುಡುಕುತ್ತಾರೆ, ಅದು ಯಾವಾಗಲೂ ನಿಮಗೆ ಒಳ್ಳೆಯದಾಗಿ ಇರುವುದಿಲ್ಲ. ಎಲ್ಲವನ್ನೂ ಬಿಚ್ಚಿ ಹೇಳಬೇಕಿಲ್ಲ. ಕಾಯಿಲೆಯ ಹೆಸರು, ಮನೆಯ ಕಷ್ಟ ಯಾರಿಗೂ ಬೇಕಾಗಿಲ್ಲ. ‘ಐದಕ್ಕೆ ಹೊರಡುತ್ತೇನೆ, ಬೆಳಗ್ಗೆ ಎಂಟಕ್ಕೇ ಬಂದಿರುತ್ತೇನೆ’ ಅಂದರೆ ಸಾಕು.

ಬೆಂಗಳೂರಿನ ಆಫೀಸುಗಳಲ್ಲಿ ಇನ್ನೊಂದು ಗೊಂದಲ ಇದೆ. ಕನ್ನಡದವರಲ್ಲೇ ಮಾತಿನ ರೀತಿ ಬೇರೆ ಬೇರೆ. ವಿಜಯಪುರದ ಕಡೆಯ ಸಹೋದ್ಯೋಗಿಯೊಬ್ಬರು, ‘ಇನ್ನೂ ಆಗಿಲ್ಲೇನ್ರಿ? ಯಾವಾಗ ಮಾಡಾವ್ರು?’ ಅಂದರೆ ಮೈಸೂರಿನ ಕಡೆಯವರಿಗೆ ಬೈದ ಹಾಗೆ ಕೇಳುತ್ತದೆ. ಅವರು ಸುಮ್ನೆ ಕೇಳಿರುತ್ತಾರೆ. ಇತ್ತ ಮೈಸೂರಿನವರು ಆಗದ ಕೆಲಸಕ್ಕೆ ‘ನೋಡೋಣ ಸರ್’ ಅನ್ನುತ್ತಾರೆ. ಅವರ ಮಟ್ಟಿಗೆ ಅದು ಮೆತ್ತಗೆ ಹೇಳಿದ ‘ಇಲ್ಲ’. ವಿಜಯಪುರದವರು ಅದನ್ನು ‘ಆಗುತ್ತದೆ’ ಅಂತ ತಿಳಿದು ಎರಡು ದಿನ ಕಾದು, ಆಮೇಲೆ ‘ಮಾತಿಗೆ ನಿಲ್ಲಲ್ಲ ಇವ್ರು’ ಅನ್ನುತ್ತಾರೆ. ಇಬ್ಬರೂ ಒಳ್ಳೆಯವರೇ. ಇಂಥ ಕಡೆ ಕೊನೆಯಲ್ಲಿ ಒಂದು ಮಾತು ಖಚಿತ ಮಾಡಿಕೊಳ್ಳಿ: ‘ಹಾಗಾದ್ರೆ ಗುರುವಾರ ಸಿಗುತ್ತಾ, ಇಲ್ವಾ?’

ಬೇರೆ ರಾಜ್ಯದವರ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ನಾವು ನಾಲ್ಕೈದು ಜನ ಊಟದ ಟೇಬಲ್ಲಿನಲ್ಲಿ ಕನ್ನಡದಲ್ಲಿ ನಗುತ್ತಾ ಇದ್ದಾಗ, ಭುವನೇಶ್ವರದಿಂದ ಬಂದ ಹುಡುಗಿ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿದ್ದಳು. ವಿಷಯ ಏನು ಅಂತ ಒಂದು ಸಾಲಿನಲ್ಲಿ ಅವಳಿಗೂ ಹೇಳಿ, ಅಷ್ಟರಲ್ಲೇ ಕನ್ನಡವೂ ಕಿವಿಗೆ ಬೀಳುತ್ತದೆ. ಹಾಗೆಯೇ ಮೀಟಿಂಗ್ ಪೂರ್ತಿ ಹಿಂದಿಗೆ ಜಾರಿದರೆ ಮುಖ ಸಿಂಡರಿಸಿಕೊಂಡು ಕೂರಬೇಡಿ. ‘ಇಂಗ್ಲಿಷಿನಲ್ಲಿ ಹೇಳಿ, ನಾನು ನೋಟ್ಸ್ ಬರೆದುಕೊಳ್ಳಬೇಕು’ ಅಂತ ಅಲ್ಲೇ ಕೇಳಿ. ನಾನು ಪ್ರತಿ ಸಲ ಕೇಳುತ್ತೇನೆ, ಯಾರೂ ಇಲ್ಲ ಅಂದಿಲ್ಲ.

ಈಗ ಮುಖ್ಯ ವಿಷಯ, ಎದುರು ಕೂತು ಹೇಳುವುದು ಹೇಗೆ. ‘ಬಿಟ್ಟುಬಿಡಿ, ತಲೆ ಕೆಡಿಸ್ಕೋಬೇಡಿ’ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಿಟ್ಟ ಮಾತು ಎಲ್ಲೂ ಹೋಗುವುದಿಲ್ಲ, ಯಾವತ್ತೋ ಒಂದು ದಿನ ಹೊರಗೆ ಬರುತ್ತದೆ, ಆಗ ಹಳೆಯದೆಲ್ಲ ಸೇರಿಕೊಂಡು ಬರುತ್ತದೆ. ಮರುದಿನವೇ ಮಾತಾಡಿ ಮುಗಿಸಿ. ಆದರೆ ಹೊತ್ತು ನೋಡಿ. ಅಕೌಂಟ್ಸಿನವರಿಗೆ ತಿಂಗಳ 7ಕ್ಕೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ, ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ಲೆಕ್ಕ ಸಲ್ಲಿಸಬೇಕು. ಆ ದಿನಗಳಲ್ಲಿ ನಮ್ಮ ಮಹಡಿಯಲ್ಲಿ ಯಾರ ಬಾಯಿಂದಲೂ ಒಳ್ಳೆಯ ಮಾತು ಬರುವುದಿಲ್ಲ. 20ರ ಮಧ್ಯಾಹ್ನ ಬಿದ್ದ ಮಾತನ್ನು 21ಕ್ಕೆ ಎತ್ತಿಕೊಳ್ಳಿ. ಡೆವಲಪರ್‌ಗಳಿಗೆ ರಿಲೀಸ್ ದಿನ ಇರುತ್ತದೆ, ಸೇಲ್ಸಿನವರಿಗೆ ಕ್ವಾರ್ಟರ್ ಕೊನೆ. ನಿಮ್ಮ ಟೀಮಿನ ಒತ್ತಡದ ದಿನ ಯಾವುದು ಅಂತ ನಿಮಗೇ ಗೊತ್ತಿರುತ್ತದೆ.

ಇಬ್ಬರೇ ಇರುವಾಗ ಮಾತಾಡಿ. ಗೇಟಿನ ಹೊರಗಿನ ಟೀ ಅಂಗಡಿ ಕ್ಯಾಬಿನ್‌ಗಿಂತ ಒಳ್ಳೆಯದು, ಅಲ್ಲಿ ಯಾರೂ ಯಾರಿಗೂ ಬಾಸ್ ಅಲ್ಲ. ಮೊದಲು ಬರೆದಿಟ್ಟ ಮಾತನ್ನೇ ಹೇಳಿ: ‘ನಿನ್ನೆ ಮೀಟಿಂಗಿನಲ್ಲಿ ನೀವು, “ಇಷ್ಟೂ ಗೊತ್ತಾಗಲ್ವಾ” ಅಂದ್ರಿ.’ ಆಮೇಲೆ ಅದರಿಂದ ಏನಾಯಿತು: ‘ಎಲ್ಲರ ಮುಂದೆ ಹಾಗಂದಿದ್ದು ನನಗೆ ಬೇಜಾರಾಯ್ತು.’ ಆಮೇಲೆ ಏನು ಬೇಕು: ‘ತಪ್ಪಾಗಿದ್ದರೆ ನನ್ನನ್ನೇ ಕರೆದು ಹೇಳಿ, ತಿದ್ದಿಕೊಳ್ತೀನಿ.’ ಇಷ್ಟು ಹೇಳಿ ಸುಮ್ಮನಾಗಿ. ಈ ಸುಮ್ಮನಿರುವುದೇ ಕಷ್ಟ. ಆ ಮೌನ ತುಂಬಲು ‘ಪರವಾಗಿಲ್ಲ ಬಿಡಿ’ ಅಂದರೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ‘ನೀವು ಯಾವಾಗಲೂ ಹೀಗೇ’ ಅನ್ನಬೇಡಿ, ಅಲ್ಲಿಂದ ಮಾತು ಹಳೆಯ ಲೆಕ್ಕಕ್ಕೆ ತಿರುಗುತ್ತದೆ. ಮೂರನೆಯವರ ಕೈಯಲ್ಲಿ ಹೇಳಿಕಳಿಸಲಂತೂ ಬೇಡವೇ ಬೇಡ.

ಚಾಟಿನಲ್ಲಿ ಬಂದ ಒರಟು ಸಾಲಿಗೆ ಚಾಟಿನಲ್ಲೇ ಉತ್ತರಿಸಬೇಡಿ, ಫೋನ್ ಮಾಡಿ. ಮಾತಿನ ಮಧ್ಯೆ ಬಾಯಿ ಹಾಕುವವರಿಗೆ ‘ಒಂದ್ನಿಮಿಷ, ಮುಗಿಸ್ತೀನಿ’ ಅಂದು ಮುಂದುವರಿಸಿ.

ಒಂದು ವಿಷಯದಲ್ಲಿ ಮಾತ್ರ ಮರುದಿನಕ್ಕೆ ಕಾಯಬೇಡಿ. ಆಫೀಸಿನಲ್ಲಿ ಚಾರ್ಜರೋ ಪರ್ಸೋ ಕಾಣೆಯಾದರೆ ಮೊದಲ ಅನುಮಾನ ಹೌಸ್‌ಕೀಪಿಂಗ್‌ನವರ ಮೇಲೆ. ಅವರು ಕಾಂಟ್ರ್ಯಾಕ್ಟ್ ಮೇಲೆ ಇರುವವರು, ಒಂದು ಮೇಲ್ ಹೋದರೆ ನಾಳೆಯಿಂದ ಕೆಲಸ ಇಲ್ಲ. ಯಾರಾದರೂ ಹಾಗೆ ಮಾತು ತೆಗೆದರೆ ಅಲ್ಲೇ ಕೇಳಿ: ‘ನೀವು ನೋಡಿದ್ರಾ?’ ನೋಡಿಲ್ಲ ಅಂದರೆ ಆ ಮಾತು ಅಲ್ಲಿಗೇ ನಿಲ್ಲಬೇಕು. ನಿಲ್ಲಿಸುವವರು ನಾವಾಗಬೇಕು, ಏಕೆಂದರೆ ಅವರು ತಮ್ಮ ಪರವಾಗಿ ಮಾತಾಡಿದರೆ ಅದನ್ನೇ ಎದುರು ಮಾತು ಅನ್ನುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಾತಾಡಿ ಸರಿಮಾಡಬಹುದಾದ ಸಂಗತಿ. ಎಲ್ಲವೂ ಹಾಗಿರುವುದಿಲ್ಲ. ಎದುರು ಕೂತು ಹೇಳಿದ ಮೇಲೂ ಅದೇ ಮಾತು, ಅದೇ ವ್ಯಕ್ತಿ, ಅದೇ ಗುರಿ ಅಂತಾದರೆ ಅದು ತಪ್ಪು ತಿಳಿವಳಿಕೆ ಅಲ್ಲ. ಊಟದ ಹೊತ್ತಿನಲ್ಲಿ ‘ಪೂರ್ತಿ ಹೆಸರೇನು? ನಿಮ್ಮ ಮನೇಲಿ ಏನು ತಿಂತೀರಾ?’ ಅಂತ ಜಾತಿ ಕೆದಕುವುದು, ಹೆಣ್ಣುಮಕ್ಕಳ ಮೈ ಬಗ್ಗೆ ಮಾತಾಡುವುದು, ಕುಂಟು ಕಿವುಡು ಅಂತ ಅಣಕಿಸುವುದು, ಇವುಗಳಿಗೆ ಟೀ ಅಂಗಡಿ ಮದ್ದಲ್ಲ.

ಲೈಂಗಿಕ ಕಿರುಕುಳದ ವಿಷಯವಾದರೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಹಿರಿಯ ಮಹಿಳೆಯಾಗಿರಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನ ಸದಸ್ಯರೊಬ್ಬರೂ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಪರಿಶಿಷ್ಟ ಜಾತಿ, ಪಂಗಡದವರನ್ನು ಬೇರೆಯವರು ಬೇಕಂತಲೇ ಜನರ ಎದುರು ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಂಗವಿಕಲರನ್ನು ಹಾಗೆ ಅವಮಾನಿಸುವುದು 2016ರ ಕಾಯ್ದೆಯಲ್ಲಿ ಅಪರಾಧ. ಐಟಿ ಕೆಲಸದವರಿಗೆ 2017ರಿಂದ ಕರ್ನಾಟಕದಲ್ಲಿ ಕೆಐಟಿಯು ಅನ್ನುವ ಸಂಘವೂ ಇದೆ. ಕಾರ್ಮಿಕ ಇಲಾಖೆಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ಇಲ್ಲೆಲ್ಲ ನಿಮ್ಮ ಕೈ ಹಿಡಿಯುವುದು ಆ ಪುಸ್ತಕವೇ. ‘ತುಂಬಾ ಕೆಟ್ಟದಾಗಿ ನಡೆದುಕೊಂಡರು’ ಅಂತ ಬರೆದ ದೂರಿಗೂ, ಆಡಿದ ಮಾತು, ದಿನಾಂಕ, ಎದುರಿದ್ದವರ ಹೆಸರು ಇರುವ ದೂರಿಗೂ ಅಜಗಜಾಂತರ. ಪುಸ್ತಕ ಸ್ವಂತದ್ದಾಗಿರಲಿ, ಆಫೀಸಿನಲ್ಲಿ ಬಿಟ್ಟು ಬರಬೇಡಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟರೆ ಅದು ಯಾವಾಗ ಬೇಕಾದರೂ ಕೈತಪ್ಪಬಹುದು. ಕಂಪನಿಯ ಫೈಲುಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದನ್ನೇ ಹಿಡಿದು ನಿಮ್ಮ ಮೇಲೆ ತಿರುಗಿಬೀಳುತ್ತಾರೆ. ಎಚ್ಆರ್ ಜೊತೆ ಬಾಯಿಮಾತಿನಲ್ಲಿ ಆಡಿದ್ದನ್ನು ಅವತ್ತೇ ಮೇಲ್ ಮಾಡಿ: ‘ಇವತ್ತು ನಾವು ಮಾತಾಡಿದ್ದು ಇಷ್ಟು, ನಾನು ತಿಳಿದುಕೊಂಡದ್ದು ಸರಿಯೇ?’

ರಾತ್ರಿ ನಿದ್ದೆ ಬರದೆ, ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುವ ಹಾಗಾಗಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಕೆಲಸ ಬಿಡುವುದೇ ಸರಿ ಅನ್ನಿಸಿದರೆ ಸಿಟ್ಟಿನಲ್ಲಿ ಬಿಟ್ಟು ಬರಬೇಡಿ. ರಾಜೀನಾಮೆ ಕಳಿಸುವ ಮೊದಲೇ ಪೇಸ್ಲಿಪ್‌ಗಳು, ಫಾರ್ಮ್ 16, ಅಪ್ರೈಸಲ್ ಪತ್ರಗಳನ್ನು ಇಳಿಸಿಕೊಳ್ಳಿ, ಅವು ನಿಮ್ಮವೇ. ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ ಯಾರ ಜೊತೆಗೂ ಕೊನೆಯ ಜಗಳ ಆಡಬೇಡಿ. ಬಿಟ್ಟ ಮೇಲೆ ಪಿಎಫ್ ಖಾತೆಯಲ್ಲಿ ನಿಮ್ಮ ಕೆಲಸ ಮುಗಿದ ದಿನಾಂಕ ಹಾಕಿದ್ದಾರಾ ಅಂತ ನೋಡಿ. ಹಾಕದಿದ್ದರೆ ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಿಕೊಳ್ಳಬಹುದು.