ಐಐಟಿ ಸಿಕ್ಕರೆ ಸೇರಲೇಬೇಕಾ? ಸೀಟು ಒಪ್ಪುವ ಮೊದಲು ಹೀಗೆ ನೋಡಿ

ಜೆಇಇ, ಸಿಇಟಿ ಫಲಿತಾಂಶ ಬಂದ ಮನೆಗಳಲ್ಲಿ ಒಂದೇ ಮಾತು: ರ್‍ಯಾಂಕ್ ಎಷ್ಟು, ಯಾವ ಕಾಲೇಜು ಸಿಗುತ್ತೆ? ಆ ಕಾಲೇಜು ಓದುವವರಿಗೆ ಹೊಂದುತ್ತದಾ ಅಂತ ಕೇಳುವವರು ಕಡಿಮೆ. ಕೇಳಲು ಪುರಸೊತ್ತೂ ಇರುವುದಿಲ್ಲ. ಸೀಟು ಹಂಚಿಕೆ ಶುರುವಾದ ಮೇಲೆ ಒಪ್ಪುವುದೋ ಬಿಡುವುದೋ ಎಂದು ತಿಳಿಸಲು ಸಿಗುವುದು ಕೆಲವೇ ದಿನ. ಹಾಗಾಗಿ ಫಲಿತಾಂಶಕ್ಕೆ ಮುಂಚೆಯೇ ಕೂತು ಇದನ್ನು ಯೋಚಿಸಿ. ನಾಲ್ಕು ವರ್ಷ ಅಲ್ಲಿ ಇರಬೇಕಾದವರು ನೀವು.

1. ರ್‍ಯಾಂಕಿಂಗ್ ಪಟ್ಟಿ ಸ್ವಲ್ಪ ಪಕ್ಕಕ್ಕಿರಲಿ

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಅದರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ 100ಕ್ಕೆ 30 ಅಂಕ ಸಂಶೋಧನೆಗೆ, 10 ಅಂಕ ಹೊರಗಿನವರ ಅಭಿಪ್ರಾಯಕ್ಕೆ. ಕಾಲೇಜು ಎಷ್ಟು ಗಟ್ಟಿ ಅಂತ ತಿಳಿಯಲು ಇದು ಸರಿ. ಮೊದಲ ಸೆಮಿಸ್ಟರ್‌ನಲ್ಲಿ ಪಾಠ ಅರ್ಥವಾಗದೆ ಕೂತಾಗ ನಿಮ್ಮ ಪಾಡೇನು ಅನ್ನುವುದು ಅದರಲ್ಲಿ ಸಿಗುವುದಿಲ್ಲ.

2. ಫಸ್ಟ್ ಬರದೆ ಇರುವುದು ನಿಮ್ಮಿಂದಾಗುತ್ತದಾ?

ಇದು ಎಲ್ಲಕ್ಕಿಂತ ಮುಖ್ಯ. ಐಐಟಿಗೆ ಬರುವವರೆಲ್ಲ ತಂತಮ್ಮ ಊರಿನ ಟಾಪರ್‌ಗಳೇ. ಅಲ್ಲಿ ಹಲವು ವಿಷಯಗಳಲ್ಲಿ ಗ್ರೇಡ್ ಕೊಡುವುದು ತರಗತಿಯ ಉಳಿದವರಿಗೆ ಹೋಲಿಸಿ. ಅಂದರೆ ನೀವು ಚೆನ್ನಾಗಿ ಬರೆದರೂ ಪಕ್ಕದವರು ಇನ್ನೂ ಚೆನ್ನಾಗಿ ಬರೆದಿದ್ದರೆ ಗ್ರೇಡ್ ಇಳಿಯುತ್ತದೆ, ಅರ್ಧ ತರಗತಿ ಯಾವಾಗಲೂ ಕೆಳಗಿನ ಅರ್ಧದಲ್ಲೇ ಇರಬೇಕಾಗುತ್ತದೆ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಶ್ 1980ರ ದಶಕದಲ್ಲೇ ಇದನ್ನು ತೋರಿಸಿದ್ದರು: ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ, ತುಂಬಾ ಬುದ್ಧಿವಂತರ ನಡುವೆ ಓದುವವರಿಗೆ ತಮ್ಮ ಸಾಮರ್ಥ್ಯದ ಬಗ್ಗೆ ನಂಬಿಕೆ ಕಡಿಮೆ ಇರುತ್ತದೆ.

ಇದು ನಿಮಗೆ ಹೇಗೆ ತಟ್ಟುತ್ತದೆ ಅಂತ ಊಹಿಸಬೇಡಿ, ಹಿಂದೆ ನಡೆದದ್ದನ್ನು ನೋಡಿ. ಕೋಚಿಂಗ್ ಟೆಸ್ಟ್‌ನಲ್ಲಿ ತೀರಾ ಕಡಿಮೆ ಅಂಕ ಬಂದ ವಾರ ಏನು ಮಾಡಿದ್ರಿ? ಯಾರಿಗೂ ಹೇಳದೆ ಮುಚ್ಚಿಟ್ಟು ಆ ವಿಷಯವನ್ನೇ ದೂರ ಮಾಡಿದ್ರಾ? ಮೇಷ್ಟ್ರ ಹತ್ತಿರ ಹೋಗಿ ಕೇಳಿದ್ರಾ? ನಿಮಗಿಂತ ಚುರುಕಾದ ಗೆಳತಿ ಲೆಕ್ಕ ಬಿಡಿಸಿ ತೋರಿಸಿದಾಗ ಖುಷಿಯಾಯಿತಾ, ಮನಸ್ಸು ಮುದುಡಿತಾ? ಹೀಗಾದ ಎರಡು ಮೂರು ಸಂದರ್ಭಗಳನ್ನು ಹಾಳೆಯಲ್ಲಿ ಬರೆಯಿರಿ. ಮನಸ್ಸು ಮುದುಡುವವರು ದಡ್ಡರಲ್ಲ. ಕೆಲವರು ಮುಂದಿನ ಸಾಲಿನಲ್ಲಿದ್ದಾಗಲೇ ಅರಳುತ್ತಾರೆ, ಅಧ್ಯಾಪಕರಿಗೆ ಹೆಸರು ಗೊತ್ತಿದ್ದರೆ ಎರಡು ಪಟ್ಟು ಓದುತ್ತಾರೆ. ಅಂಥವರು ಒಳ್ಳೆಯ ಬೇರೆ ಕಾಲೇಜಿನಲ್ಲಿ ಮೇಲೆ ಬರುತ್ತಾರೆ.

ಇದಕ್ಕೆ ಉಲ್ಟಾ ಇರುವವರೂ ಇದ್ದಾರೆ. ಗಣಿತದ ಹುಚ್ಚಿದ್ದು ಶಾಲೆಯಲ್ಲಿ ಮಾತಾಡಲು ಒಬ್ಬರೂ ಸಿಗದೆ ಒಂಟಿಯಾಗಿದ್ದವರಿಗೆ ಇಂಥ ಕ್ಯಾಂಪಸ್‌ನಲ್ಲಿ ಮೊದಲ ಸಲ ಜೊತೆ ಸಿಗಬಹುದು. ಮಿತಭಾಷಿಗಳು ಅಂದ ಮಾತ್ರಕ್ಕೆ ದೊಡ್ಡ ಕಾಲೇಜು ಬೇಡ ಅನ್ನುವುದು ತಪ್ಪು.

3. ಎನ್‌ಪಿಟೆಲ್ ಹಾಕಿ ಎರಡು ವಾರ ಕೂರಿ

ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಮಾಡಿದ ಎನ್‌ಪಿಟೆಲ್ ಪಾಠಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿವೆ. ಮೊದಲ ವರ್ಷದ್ದೊಂದು ವಿಷಯ ಆರಿಸಿ ಪಾಠ ನೋಡಿ, ಅಸೈನ್‌ಮೆಂಟ್ ಬಿಡಿಸಿ. ಎಷ್ಟು ಅಂಕ ಬಂತು ಅನ್ನುವುದು ಮುಖ್ಯವಲ್ಲ. ಅರ್ಥವಾಗದೆ ನಿಂತ ಮೇಲೆ, ಯಾರೂ ಹೇಳದೆ, ಮಾರನೇ ದಿನ ನೀವೇ ಮತ್ತೆ ಅದೇ ಜಾಗಕ್ಕೆ ಬಂದ್ರಾ? ಅಷ್ಟು ನೋಡಿಕೊಳ್ಳಿ. ಐಐಟಿಯ ಮೊದಲ ವರ್ಷದ ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಕೂರುವುದುಂಟು, ಕೋಚಿಂಗ್‌ನವರ ಹಾಗೆ ಬೆನ್ನು ಹತ್ತಿ ಓದಿಸುವವರು ಯಾರೂ ಇರುವುದಿಲ್ಲ.

ಐಐಎಸ್‌ಸಿ ಕಡೆ ಮನಸ್ಸಿದ್ದರೆ ಇನ್ನೂ ಗಟ್ಟಿಯಾಗಿ ಯೋಚಿಸಿ. 2011ರಲ್ಲಿ ಶುರುವಾದ ಅಲ್ಲಿನ ನಾಲ್ಕು ವರ್ಷದ ಪದವಿ ಸಂಶೋಧನೆ ಇಷ್ಟಪಡುವವರಿಗಾಗಿ ಇರುವುದು. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ಕೂರುವುದು ನಿಮಗೆ ಖುಷಿಯಾ, ಬೇಸರವಾ? ವರ್ಷಕ್ಕೊಮ್ಮೆ ಅಲ್ಲಿ ಓಪನ್ ಡೇ ಇರುತ್ತದೆ, ಯಾರು ಬೇಕಾದರೂ ಹೋಗಬಹುದು. ಹೋಗಿ, ಲ್ಯಾಬ್‌ನಲ್ಲಿ ಕೆಲಸ ಮಾಡುವವರ ಹತ್ತಿರ ಮಾತಾಡಿ.

4. ಟಾಪರ್‌ಗಳನ್ನು ಬಿಟ್ಟು ಮಧ್ಯದವರನ್ನು ಕೇಳಿ

ಪೇಪರಿನಲ್ಲಿ ಫೋಟೋ ಬಂದವರ ಅನುಭವ ನಿಮಗೆ ಜಾಸ್ತಿ ಉಪಯೋಗಕ್ಕೆ ಬರದು. ನಿಮ್ಮದೇ ಪಿಯು ಕಾಲೇಜಿನಿಂದ ಹೋದ, ಸಾಧಾರಣ ಗ್ರೇಡ್ ತೆಗೆಯುತ್ತಿರುವ ಸೀನಿಯರ್ ಒಬ್ಬರನ್ನು ಹುಡುಕಿ. "ಕಾಲೇಜು ಹೇಗಿದೆ ಅಕ್ಕಾ" ಅಂತ ಕೇಳಿದರೆ ಚೆನ್ನಾಗಿದೆ ಅಂತಾರೆ, ಅಷ್ಟೇ. "ಹೋದ ಮಂಗಳವಾರ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದ್ರಿ?" ಅಂತ ಕೇಳಿ. ಪರೀಕ್ಷೆ ಕೈಕೊಟ್ಟಾಗ ಯಾರ ಹತ್ತಿರ ಹೋದ್ರಿ, ರೂಮಿನಲ್ಲಿ ಎಷ್ಟು ಜನ, ಯಾವ ಭಾಷೆ ನಡೆಯುತ್ತದೆ, ಇವನ್ನೂ ಕೇಳಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಾಠದ ಇಂಗ್ಲಿಷ್ ಜೊತೆಗೆ ಹಾಸ್ಟೆಲ್‌ನ ಹಿಂದಿಯೂ ಹೊಸದಾಗಬಹುದು. ಧಾರವಾಡದ ಐಐಟಿಯಾದರೂ ಅಷ್ಟೆ, ಐಐಟಿಗಳಲ್ಲಿ ರಾಜ್ಯದ ಕೋಟಾ ಇಲ್ಲ.

5. ಹೆಸರಾ, ಬ್ರಾಂಚಾ?

ನಮ್ಮ ರಾಜ್ಯದವರಿಗೆ ಈ ಪ್ರಶ್ನೆ ಬೇಗ ಎದುರಾಗುತ್ತದೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರಿಗೆ. ಹಾಗಾಗಿ ದೂರದ ಐಐಟಿಯಲ್ಲಿ ಮನಸ್ಸಿಲ್ಲದ ಬ್ರಾಂಚ್ ಸಿಗುವ ಹೊತ್ತಿಗೇ ಸುರತ್ಕಲ್‌ನ ಎನ್‌ಐಟಿಯಲ್ಲಿ ಇಷ್ಟದ ಬ್ರಾಂಚ್ ಸಿಗಬಹುದು. ಮೊದಲ ವರ್ಷ ಕಳೆದ ಮೇಲೆ ಬ್ರಾಂಚ್ ಬದಲಿಸಿದರಾಯಿತು ಅಂತ ಸೇರಬೇಡಿ. ಕೆಲವು ಐಐಟಿಗಳು ಆ ಅವಕಾಶವನ್ನೇ ತೆಗೆದಿವೆ.

ದೊಡ್ಡ ಹೆಸರಿಲ್ಲದಿದ್ದರೆ ಬದುಕೇ ಹೋಯಿತು ಎಂಬ ಭಯ ಇರುತ್ತದೆ ಅಲ್ವಾ? ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಸಿದ್ಧ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆ ಕಡೆ ಓದಿದವರು ಮುಂದೆ ಹೆಚ್ಚುಕಡಿಮೆ ಅಷ್ಟೇ ದುಡಿಯುತ್ತಿದ್ದರು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ ಹೆಸರಿನಿಂದ ಲಾಭವಾಗಿತ್ತು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದದು. ಆದರೂ ಕೈಹಿಡಿದು ದಾರಿ ತೋರಿಸುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ದೊಡ್ಡ ಹೆಸರಿಗೆ ಸ್ವಲ್ಪ ಜಾಸ್ತಿ ತೂಕ ಕೊಡಿ ಎಂದೇ ಹೇಳುತ್ತೇನೆ.

ದುಡ್ಡಿಲ್ಲ ಅಂತ ಸುಮ್ನೆ ಕೈಬಿಡಬೇಡಿ. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಮತ್ತು ವರ್ಷಕ್ಕೆ 1 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಯವರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. 1ರಿಂದ 5 ಲಕ್ಷ ಆದಾಯವಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಹಾಸ್ಟೆಲ್, ಮೆಸ್ ಖರ್ಚು ಬೇರೆ.

6. ಈಗ ಪಟ್ಟಿ ಬರೆಯಿರಿ

ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾದಲ್ಲಿ, ನಿಮ್ಮ ರ್‍ಯಾಂಕಿಗೆ ಸಿಗುವುದರಲ್ಲಿ ನಿಮ್ಮ ಪಟ್ಟಿಯ ಎಲ್ಲಕ್ಕಿಂತ ಮೇಲಿನದನ್ನೇ ಕೊಡುತ್ತಾರೆ. ಆದ್ದರಿಂದ ಹೋದ ವರ್ಷದ ಕಟಾಫ್ ನೋಡಿ ಕ್ರಮ ಬದಲಿಸುವ ಅಗತ್ಯವಿಲ್ಲ. ನಿಮಗೆ ನಿಜವಾಗಿ ಬೇಕಾದದ್ದು ಮೇಲಿರಲಿ. ಸಿಕ್ಕರೂ ಹೋಗಲಾರೆ ಅನ್ನಿಸುವ ಕಾಲೇಜನ್ನು ಹಾಕಲೇಬೇಡಿ. ಸೀಟು ಬಂದ ಮೇಲೆ ಫ್ರೀಜ್ ಅಂದರೆ ಅದೇ ಸಾಕು, ಸ್ಲೈಡ್ ಅಂದರೆ ಅದೇ ಕಾಲೇಜಿನಲ್ಲಿ ಪಟ್ಟಿಯ ಮೇಲಿನ ಬ್ರಾಂಚ್ ಬೇಕು, ಫ್ಲೋಟ್ ಅಂದರೆ ಬೇರೆ ಕಾಲೇಜಾದರೂ ಸರಿ ಮೇಲಿನದು ಬೇಕು. ಮೇಲಿನದು ಸಿಕ್ಕಿತೆಂದರೆ ಮೊದಲಿನ ಸೀಟು ಹೋಗುತ್ತದೆ, ವಾಪಸ್ ಕೇಳುವ ಹಾಗಿಲ್ಲ. ಅಪ್ಪ ಅಮ್ಮನ ಜೊತೆ ಕೂತು, ನೀವು ಹಾಳೆಯಲ್ಲಿ ಬರೆದಿಟ್ಟದ್ದನ್ನು ಅವರಿಗೂ ತೋರಿಸಿ, ಆಮೇಲೆ ಪಟ್ಟಿಗೆ ಲಾಕ್ ಒತ್ತಿ ಪ್ರಿಂಟ್ ತೆಗೆದಿಡಿ.