ಕಾರಿನ ಬಣ್ಣಕ್ಕೆ ದುಬಾರಿ ಸೀಲಂಟ್ ಬೇಕಾ? ನಿಮ್ಮ ಬಾನೆಟ್ ಮೇಲೇ ಪರೀಕ್ಷೆ ಮಾಡಿ ನೋಡಿ

ಕಳೆದ ವರ್ಷ ನಮ್ಮ ಭಾವ ಹೊಸ ಕಾರು ಕೊಂಡರು. ಡೆಲಿವರಿಗೆ ಎರಡು ದಿನ ಮುಂಚೆ ಶೋರೂಮಿನಿಂದಲೇ ಫೋನ್ ಮಾಡಿದರು. ‘ಪೇಂಟ್ ಪ್ರೊಟೆಕ್ಷನ್ ಅಂತೆ ಕಣೋ, ಹದಿನೆಂಟು ಸಾವಿರ. ಹಾಕಿಸ್ಲಾ ಬೇಡ್ವಾ, ಬೇಗ ಹೇಳು. ಹುಡುಗ ಎದುರಿಗೇ ನಿಂತಿದ್ದಾನೆ.’

‘ಇವತ್ತು ಬೇಡ ಅನ್ನಿ ಭಾವ. ಕಾರು ಮನೆಗೆ ಬರಲಿ, ಆಮೇಲೆ ನೋಡೋಣ’ ಎಂದೆ.

ಕಾರು ಕೊಂಡವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಲಕ್ಷಗಟ್ಟಲೆ ಕೊಟ್ಟಾಗಿದೆ, ಇನ್ನು ಹದಿನೆಂಟು ಸಾವಿರಕ್ಕೆ ಯಾಕೆ ಹಿಂದೆಮುಂದೆ ನೋಡುವುದು ಅನಿಸುತ್ತದೆ. ಆದರೆ ಹದಿನೆಂಟು ಸಾವಿರ ಸಣ್ಣ ಮೊತ್ತವಲ್ಲ. ಅಷ್ಟು ಕೊಟ್ಟರೆ ಏನು ಸಿಗುತ್ತದೆ ಎಂದು ತಿಳಿದುಕೊಂಡೇ ಕೊಡಬೇಕು.

ಮೊದಲು, ಕಾಪಾಡಬೇಕಾದದ್ದು ಏನು?

ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಎರಡು ಹಾಳೆ ಒಟ್ಟಿಗೆ ಹಿಡಿದು ನೋಡಿ. ಕಾರ್ಖಾನೆಯಿಂದ ಬಂದ ಕಾರಿನ ಇಡೀ ಬಣ್ಣದ ದಪ್ಪ ಹೆಚ್ಚುಕಡಿಮೆ ಅಷ್ಟೇ. ಸುಮಾರು 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರಲ್ಲೇ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ ಎಲ್ಲ ಇರುತ್ತವೆ. ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದು ಸುಮಾರು 35ರಿಂದ 50 ಮೈಕ್ರಾನ್, ಪತ್ರಿಕೆಯ ಒಂದು ಹಾಳೆಗಿಂತ ತೆಳು. ಹೊಳಪು ಬರುವುದು ಅದರಿಂದ. ಬಿಸಿಲು ತಡೆಯುವುದೂ ಅದೇ. ಗೀರು ಬೀಳುವುದೂ ಅದರ ಮೇಲೇ.

ಪೇಂಟ್ ಪ್ರೊಟೆಕ್ಷನ್ ಎಂದು ಮಾರುವ ಸೀಲಂಟ್ ಈ ಕ್ಲಿಯರ್ ಕೋಟ್ ಮೇಲೆ ಕೂರುವ ಇನ್ನೊಂದು ಬಹಳ ತೆಳುವಾದ ಪದರ. ನೀರು, ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆ, ತೊಳೆಯುವ ಕೆಲಸ ಹಗುರ ಮಾಡುತ್ತದೆ. ಮುಖ್ಯ ಲಾಭ ಇಷ್ಟೇ. ಇದೂ ಒಳ್ಳೆಯ ಲಾಭವೇ, ಅನುಮಾನ ಬೇಡ.

ಬಿಲ್ಲಿನಲ್ಲಿರುವ ಹೆಸರುಗಳ ಅರ್ಥ

ವ್ಯಾಕ್ಸ್ ಎಲ್ಲಕ್ಕಿಂತ ಹಳೆಯದು. ಒಳ್ಳೆಯ ವ್ಯಾಕ್ಸಿನಲ್ಲಿ ಇರುವುದು ಕಾರ್ನೌಬಾ, ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಹೊಳಪು ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಬಿಸಿಲಿಗೆ, ಮಳೆಗೆ ಕೆಲವು ವಾರ ನಿಂತರೆ ಹೆಚ್ಚು.

ಸೀಲಂಟ್ ಅಂದರೆ ಅದೇ ಕೆಲಸ ಮಾಡುವ ಕೃತಕ ಪಾಲಿಮರ್. ವ್ಯಾಕ್ಸಿಗಿಂತ ಜಾಸ್ತಿ ದಿನ ಬಾಳುತ್ತದೆ, ಹಚ್ಚುವುದೂ ಸುಲಭ. ಆರು ನೂರು ರೂಪಾಯಿಯ ಸ್ಪ್ರೇಯಿಂದ ಮೂರು ಸಾವಿರದ ಬಾಟಲಿಯವರೆಗೆ ಸಿಗುತ್ತದೆ.

ಟೆಫ್ಲಾನ್ ಕೋಟಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ದೋಸೆ ತವಾದ ಹೆಸರು ಕೇಳಿದ ತಕ್ಷಣ ನಮಗೆ ನಂಬಿಕೆ ಬರುತ್ತದೆ, ಅಲ್ವಾ? ಆದರೆ ತವಾದ ಮೇಲೆ ಟೆಫ್ಲಾನ್ ಕೂರಬೇಕಾದರೆ ಅದನ್ನು 300 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖದಲ್ಲಿ ಬೇಯಿಸುತ್ತಾರೆ. ಕಾರನ್ನು ಹಾಗೆ ಬೇಯಿಸಲು ಆಗುವುದಿಲ್ಲ, ಬಣ್ಣವೇ ಸುಟ್ಟುಹೋಗುತ್ತದೆ. ಹಾಗಾಗಿ ಕಾರಿನ ಮೇಲೆ ಅಂಟಿ ಕೆಲಸ ಮಾಡುವುದು ಅದರ ಜೊತೆಗಿರುವ ಮೇಣ, ಪಾಲಿಮರ್‌ಗಳೇ. ಹೆಸರು ಕೇಳಿ ಜಾಸ್ತಿ ಕೊಡಬೇಡಿ.

ಸೆರಾಮಿಕ್ ಕೋಟಿಂಗ್ ನಿಜಕ್ಕೂ ಬೇರೆ ಜಾತಿಯದು. ಗಾಜು, ಮರಳಿನಲ್ಲಿರುವ ಸಿಲಿಕಾ ಇದರ ಮೂಲ. ಕ್ಲಿಯರ್ ಕೋಟಿಗೆ ಗಟ್ಟಿಯಾಗಿ ಅಂಟುತ್ತದೆ, ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಅದೂ ಒಂದೆರಡು ಮೈಕ್ರಾನ್ ದಪ್ಪ ಮಾತ್ರ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ‘9ಎಚ್’ ಎಂಬುದು ಪೆನ್ಸಿಲ್ ಗಡಸುತನದ ಅಳತೆ. 9ಎಚ್ ಪೆನ್ಸಿಲಿನಿಂದ ಗೀಚಿದರೂ ಗೀರು ಬೀಳಲಿಲ್ಲ ಎಂದು ಅದರ ಅರ್ಥ. ವಜ್ರಕ್ಕೆ 10 ಅಂಕ ಕೊಡುವ ಖನಿಜಗಳ ಅಳತೆಯೇ ಬೇರೆ, ಇದೇ ಬೇರೆ. ರಸ್ತೆಯ ಮರಳಿನ ಕಣ ಯಾವ ಪೆನ್ಸಿಲ್ ಸೀಸಕ್ಕಿಂತಲೂ ಗಡಸು. ಹಾಗಾಗಿ ಗೀರು ಬೀಳುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಲ್ಲು ಸಿಡಿದು ಬಣ್ಣ ಏಳುವುದನ್ನು ನಿಜವಾಗಿ ತಡೆಯುವುದು ಪಿಪಿಎಫ್ ಎಂಬ ದಪ್ಪ ಪ್ಲಾಸ್ಟಿಕ್ ಫಿಲ್ಮ್. ಅದರ ದಪ್ಪ 150 ಮೈಕ್ರಾನಿನ ಆಚೆಗೇ ಇರುತ್ತದೆ, ಅಂದರೆ ಇಡೀ ಬಣ್ಣದಷ್ಟು. ಬೆಲೆಯೂ ಹಾಗೇ. ಈ ಲೇಖನಕ್ಕೆ ಅದು ಬೇಡ.

ಈಗ ಪರೀಕ್ಷೆ

ಸೀಲಂಟ್ ಬೆಲೆ ಜಾಸ್ತಿ ಇದ್ದರೆ ಕೆಲಸವೂ ಜಾಸ್ತಿಯೇ? ನಾನು ನನ್ನ ಕಡುನೀಲಿ ಕಾರಿನ ಬಾನೆಟ್ ಮೇಲೇ ನೋಡಿದೆ. ಒಂದು ಭಾನುವಾರ ಬೆಳಗ್ಗೆ ಸಾಕು.

1. ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಮೊದಲು ಸುಮ್ನೆ ನೀರು ಸುರಿದು ಧೂಳು ಇಳಿಸಿ, ಆಮೇಲೇ ಬಟ್ಟೆ ಮುಟ್ಟಿಸಿ.

2. ತೊಳೆದು ಒರೆಸಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿತರಿ ಕವರಿನೊಳಗಿನ ಬೆರಳಿಗೆ ಗೊತ್ತಾಗುತ್ತದೆ. ನಾನು ಮೊದಲ ಸಲ ಹೀಗೆ ಮಾಡಿದಾಗ ಉಪ್ಪುಕಾಗದದ ಮೇಲೆ ಕೈ ಆಡಿಸಿದ ಹಾಗಿತ್ತು. ಕಾರು ಮಾತ್ರ ಕಣ್ಣಿಗೆ ಫಳಫಳ ಹೊಳೆಯುತ್ತಿತ್ತು. ಬ್ರೇಕಿನ ಧೂಳು, ಮರದ ಅಂಟು, ಸಿಮೆಂಟಿನ ಪುಡಿ ಹೀಗೆ ಒಳಗೆ ಕಚ್ಚಿಕೊಂಡಿರುತ್ತವೆ. ಇದರ ಮೇಲೆ ಎಂಥ ಸೀಲಂಟ್ ಹಾಕಿದರೂ ಅದು ಕೊಳೆಗೇ ಅಂಟುತ್ತದೆ.

3. ಇದನ್ನು ತೆಗೆಯಲು ಕ್ಲೇ ಬಾರ್ ಬೇಕು. ಜೇಡಿಮಣ್ಣಿನ ಉಂಡೆಯಂತಿರುತ್ತದೆ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಉಂಡೆಯನ್ನು ಚಪ್ಪಟೆ ಮಾಡಿ, ಒತ್ತದೆ ಜಾರಿಸಿ. ಮೊದಲು ತಡೆಯುತ್ತದೆ, ಆಮೇಲೆ ಸಲೀಸಾಗಿ ಜಾರುತ್ತದೆ. ಆಗ ಮುಂದಿನ ಜಾಗಕ್ಕೆ ಹೋಗಿ. ಉಂಡೆ ನೆಲಕ್ಕೆ ಬಿದ್ದರೆ ಬಿಸಾಡಿ, ಮತ್ತೆ ಬಳಸಬೇಡಿ. ಅದಕ್ಕೆ ಹತ್ತಿದ ಒಂದು ಮರಳ ಕಣ ಸಾಕು, ಬಾನೆಟ್ ಉದ್ದಕ್ಕೂ ಗೆರೆ ಎಳೆಯುತ್ತದೆ.

4. ಐಸೋಪ್ರೊಪೈಲ್ ಆಲ್ಕೊಹಾಲ್‌ಗೆ ಅದಕ್ಕಿಂತ ಜಾಸ್ತಿ ನೀರು ಬೆರೆಸಿ, ಶುಭ್ರವಾದ ಬಟ್ಟೆಯಿಂದ ಒರೆಸಿ. ಹಳೆಯ ವ್ಯಾಕ್ಸ್ ಉಳಿದಿದ್ದರೆ ಹೋಗುತ್ತದೆ.

5. ಪೇಂಟರ್‌ಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ ಬಾನೆಟ್ಟನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಎಡಭಾಗ ಖಾಲಿ ಇರಲಿ. ನಡುವೆ ಅಗ್ಗದ್ದು, ಬಲಕ್ಕೆ ದುಬಾರಿಯದು. ಒಂದೊಂದಕ್ಕೂ ಬೇರೆ ಬಟ್ಟೆ. ಆದಷ್ಟು ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುವುದಿಲ್ಲ, ಒರೆಸುವಾಗ ಮಂಕುಮಂಕಾಗುತ್ತದೆ ಅಷ್ಟೇ. ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿ, ಟೇಪ್ ಬಿಚ್ಚಿ. ಆ ರಾತ್ರಿ ನೀರು ತಾಗಿಸಬೇಡಿ.

6. ಪ್ರತಿ ಭಾನುವಾರ ಮೂರೂ ಭಾಗದ ಮೇಲೆ ಒಂದೊಂದು ಚೊಂಬು ನೀರು ಸುರಿದು ಫೋಟೊ ತೆಗೆಯಿರಿ. ಸೀಲಂಟ್ ಇರುವ ಕಡೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಉರುಳುತ್ತದೆ. ಇಲ್ಲದ ಕಡೆ ಹಾಳೆಯಂತೆ ಹರಡಿಕೊಳ್ಳುತ್ತದೆ.

ನನಗೆ ಸಿಕ್ಕ ಉತ್ತರ

ನಾನು ಜೂನ್ ಮೊದಲ ವಾರ ಶುರು ಮಾಡಿದೆ. ಅಗ್ಗದ್ದು 650 ರೂಪಾಯಿ, ದುಬಾರಿಯದು 2,800. ಮೊದಲ ಎಂಟು ವಾರ ನಡುವಿನ ಭಾಗಕ್ಕೂ ಬಲಭಾಗಕ್ಕೂ ವ್ಯತ್ಯಾಸವೇ ಇರಲಿಲ್ಲ. ಫೋಟೊ ತೋರಿಸಿ ಮನೆಯವರನ್ನು ಕೇಳಿದೆ. ಯಾವುದು ದುಬಾರಿ ಎಂದು ಯಾರಿಗೂ ಹೇಳಲು ಆಗಲಿಲ್ಲ. ಹತ್ತನೇ ವಾರಕ್ಕೆ ನಡುವಿನ ಮಣಿಗಳು ಚಪ್ಪಟೆಯಾದವು. ಬಲಭಾಗದವು ಹದಿನೈದನೇ ವಾರದವರೆಗೂ ಇದ್ದವು.

ಅಂದರೆ ದುಬಾರಿಯದು ನಿಜಕ್ಕೂ ಜಾಸ್ತಿ ಬಾಳಿತು, ಒಪ್ಪಬೇಕು. ಆದರೆ ಲೆಕ್ಕ ಹಾಕಿ. ಎರಡೂ ಬಾಟಲಿ ಇಡೀ ಕಾರಿಗೆ ಎಂಟು ಸಲ ಸಾಕಾಗುವಷ್ಟಿತ್ತು. ಅಗ್ಗದ್ದಕ್ಕೆ ಒಂದು ಸಲಕ್ಕೆ ಸುಮಾರು 80 ರೂಪಾಯಿ, ವಾರಕ್ಕೆ 8. ದುಬಾರಿಯದಕ್ಕೆ ಒಂದು ಸಲಕ್ಕೆ 350, ವಾರಕ್ಕೆ 23. ಒಂದೂವರೆ ಪಟ್ಟು ಬಾಳಿಕೆಗೆ ನಾಲ್ಕು ಪಟ್ಟಿಗಿಂತ ಜಾಸ್ತಿ ದುಡ್ಡು. ಇದು ಒಂದು ಕಾರಿನ, ಒಂದು ಮಳೆಗಾಲದ ಲೆಕ್ಕ. ನಿಮ್ಮ ಬಾಟಲಿಗಳಲ್ಲಿ ಬೇರೆ ಬರಬಹುದು. ಅದಕ್ಕೇ ನೀವೂ ಮಾಡಿ ನೋಡಿ ಎನ್ನುತ್ತಿದ್ದೇನೆ.

ಇನ್ನೊಂದು ವಿಷಯ ನನಗೆ ಆಗಲೇ ಅರ್ಥವಾಗಿದ್ದು. ಆಗಸ್ಟ್‌ನಲ್ಲಿ ಎರಡು ದಿನ ಹಾಸನಕ್ಕೆ ಹೋಗಿ ಬಂದಾಗ ಬಾನೆಟ್ ಬಲಭಾಗದ ಮೇಲೆ ಹಕ್ಕಿ ಹಿಕ್ಕೆ ಒಣಗಿ ಕೂತಿತ್ತು. ನೆನೆಸಿ ತೆಗೆದ ಮೇಲೂ ಕಡಲೆಕಾಯಿ ಗಾತ್ರದ ಮಂಕು ಕಲೆ ಉಳಿಯಿತು. ಬೆಳಕಿಗೆ ಓರೆಯಾಗಿ ನೋಡಿದರೆ ಅಲ್ಲಿ ಕ್ಲಿಯರ್ ಕೋಟ್ ಸುಕ್ಕಾದಂತೆ ಕಾಣುತ್ತದೆ. ಬಿಸಿಲಿಗೆ ಬಾನೆಟ್ ಕಾದಾಗ ಹಿಕ್ಕೆ ಬಣ್ಣವನ್ನು ಕಚ್ಚುತ್ತದೆ. 2,800 ರೂಪಾಯಿಯ ಸೀಲಂಟ್ ಅದನ್ನು ತಡೆಯಲಿಲ್ಲ. ಅವತ್ತೇ ಒದ್ದೆ ಬಟ್ಟೆಯಿಂದ ಒರೆಸಿದ್ದರೆ ಕಲೆ ಇರುತ್ತಿರಲಿಲ್ಲ.

ಬಣ್ಣ ಹಾಳಾಗುವುದು ಎಲ್ಲಿ?

ರಾತ್ರಿ ಬೀದಿದೀಪದ ಕೆಳಗೆ ನಿಮ್ಮ ಕಾರಿನ ಬಾಗಿಲು ನೋಡಿ. ದೀಪದ ಸುತ್ತ ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವೆ. ಅವು ಬಿದ್ದದ್ದು ರಸ್ತೆಯಲ್ಲಲ್ಲ, ಪಾರ್ಕಿಂಗ್‌ನಲ್ಲಿ. ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಐದಕ್ಕೆ ಕಾರು ಒರೆಸುವವರು ಬರುತ್ತಾರೆ. ಒಂದು ಬಕೆಟ್, ಒಂದು ಬಟ್ಟೆ, ಹದಿನೈದು ಕಾರು. ಅವರ ತಪ್ಪಲ್ಲ ಅದು. ನಾವು ಕೊಟ್ಟಿರುವ ಸಾಮಾನು ಅಷ್ಟೇ. ಧೂಳಿನ ಮೇಲೆ ಒಣಬಟ್ಟೆ ಎಳೆದಾಗಲೆಲ್ಲ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ. ಆಮೇಲೆ ಗೀರು ಹೋಗಲಿ ಎಂದು ರಬ್ಬಿಂಗ್ ಪಾಲಿಶ್ ಮಾಡಿಸುತ್ತೇವೆ, ಅದೂ ಅದೇ ಪದರವನ್ನು ಇನ್ನಷ್ಟು ತೆಳು ಮಾಡುತ್ತದೆ.

ನನ್ನ ಸಲಹೆ ಇಷ್ಟು. ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಂಡು ಒರೆಸುವವರ ಕೈಗೆ ಕೊಡಿ, ನಿಮ್ಮ ಕಾರಿಗೆ ಮಾತ್ರ ಎಂದು ಹೇಳಿ. ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು, ಸಂಬಳ ಅಷ್ಟೇ ಕೊಡುತ್ತೇನೆ ಎನ್ನಿ. ಒರೆಸುವ ಮುಂಚೆ ನೀರು ಹಾಕಲು ಹೇಳಿ.

ನೀರಿನದು ಇನ್ನೊಂದು ಕಥೆ. ಬೋರ್‌ವೆಲ್ ನೀರು ಗಡಸು. ಸೀಲಂಟ್ ಇದ್ದರೆ ಹನಿ ಹನಿಯಾಗಿ ನಿಲ್ಲುತ್ತದೆ, ಬಿಸಿಲಿಗೆ ಆರಿದಾಗ ಒಂದೊಂದು ಹನಿಯೂ ಬಿಳಿ ಉಂಗುರ ಬಿಟ್ಟುಹೋಗುತ್ತದೆ. ಸೆರಾಮಿಕ್ ಹಾಕಿಸಿದವರೂ ಈ ಕಲೆಯ ಬಗ್ಗೆ ಗೋಳಾಡುವುದನ್ನು ಕೇಳಿದ್ದೇನೆ. ತೊಳೆದ ತಕ್ಷಣ ಒರೆಸುವುದೊಂದೇ ದಾರಿ. ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನು ಉಳಿತಾಯ ಎಂದು ಕಾರಿಗೆ ಬಳಸುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಫಿಲ್ಟರ್ ತೆಗೆದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಕಾವೇರಿ ನೀರಿನಲ್ಲಿ ಕಾರು ತೊಳೆಯುವುದು ಸರಿಯಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶವನ್ನೇ ಹೊರಡಿಸಿತ್ತು. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಒಂದು ಬಕೆಟ್ ಅದನ್ನು ಬಳಸಿ. ಅಷ್ಟು ಮೆದು ನೀರು ಬೇರೆ ಸಿಗುವುದಿಲ್ಲ.

ಹಾಗಾದರೆ ಯಾರು ಜಾಸ್ತಿ ಕೊಡಬಹುದು?

ಕಪ್ಪು, ಕಡುನೀಲಿ ಬಣ್ಣದ ಕಾರು, ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ, ಮೂರು ತಿಂಗಳಿಗೊಮ್ಮೆ ಕೂತು ಸೀಲಂಟ್ ಹಚ್ಚಲು ಬಿಡುವಿಲ್ಲ. ಹೀಗಿದ್ದರೆ ಸೆರಾಮಿಕ್ ಕೋಟಿಂಗ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಆದರೆ ಡೆಲಿವರಿಯ ಗಡಿಬಿಡಿಯಲ್ಲಿ ಬೇಡ. ಆ ಕೆಲಸವನ್ನೇ ಮಾಡುವ ಅಂಗಡಿಗೆ ಹೋಗಿ. ಕಾರು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಬಣ್ಣದ ದಪ್ಪ ಮೀಟರಿನಲ್ಲಿ ಅಳೆದು ತೋರಿಸುತ್ತೀರಾ ಎಂದು ಕೇಳಿ. ಎರಡು ಗಂಟೆಯಲ್ಲಿ ಮುಗಿಸುತ್ತೇವೆ ಎಂದರೆ ಎದ್ದು ಬನ್ನಿ. ವಾರಂಟಿ ಹಾಳೆಯನ್ನು ಪೂರ್ತಿ ಓದಿ. ವರ್ಷ ವರ್ಷ ದುಡ್ಡು ಕೊಟ್ಟು ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಎಂದಿರಬಹುದು. ಗೀರು, ನೀರಿನ ಕಲೆ, ಹಕ್ಕಿ ಹಿಕ್ಕೆ ಸಾಮಾನ್ಯವಾಗಿ ಅದರಿಂದ ಹೊರಗೇ ಇರುತ್ತವೆ.

ಮಂಗಳೂರು, ಕಾರವಾರದ ಕಡೆಯವರು ಆ ದುಡ್ಡಿನಲ್ಲಿ ಕಾರಿನ ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಹಾಕಿಸುವುದು ಮೇಲು. ಉಪ್ಪುಗಾಳಿಯ ತುಕ್ಕು ಬಾನೆಟ್ ಮೇಲೆ ಶುರುವಾಗುವುದಿಲ್ಲ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳಗಿನ ನೀರು ಹೋಗುವ ತೂತು, ತಳದ ಬೆಸುಗೆಗಳಲ್ಲಿ ಅದು ಹುಟ್ಟುತ್ತದೆ. ಸೀಲಂಟ್ ಅಲ್ಲಿಗೆ ಹೋಗುವುದೇ ಇಲ್ಲ.

ಶೋರೂಮಿನಲ್ಲಿ ‘ಇದು ತೆಗೆದುಕೊಳ್ಳದಿದ್ದರೆ ಕಾರು ಕೊಡುವುದಿಲ್ಲ’ ಎಂದರೆ ಒಪ್ಪಬೇಕಾಗಿಲ್ಲ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಪ್ಪೆಂದೇ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ಲಿನಲ್ಲಿ ಆ ಸಾಲು ಹೊಡೆದುಹಾಕಿಸಿ, ಹೊಸ ಬಿಲ್ ಕೇಳಿ.

ಭಾವ ಹಾಗೇ ಮಾಡಿದರು. ಸೀಲಂಟ್, ಕ್ಲೇ ಬಾರ್, ಶಾಂಪೂ, ಎಂಟು ಬಟ್ಟೆ, ಎರಡು ಬಕೆಟ್ ಎಲ್ಲ ಸೇರಿ ಮೂರು ಸಾವಿರದೊಳಗೆ ಆಯಿತು. ಅವರ ಮನೆ ಮುಂದೆ ದೊಡ್ಡ ಹೊಂಗೆಮರ ಇದೆ. ಬೇಸಿಗೆ ಶುರುವಾದರೆ ಹೂವು, ಅಂಟು, ಹಕ್ಕಿ ಎಲ್ಲವೂ ಕಾರಿನ ಮೇಲೆಯೇ. ಡ್ರೈವರ್ ಬಾಗಿಲಿನ ಜೇಬಿನಲ್ಲಿ ಒಂದು ನೀರಿನ ಸ್ಪ್ರೇ ಬಾಟಲಿ, ಎರಡು ಮಡಿಸಿದ ಬಟ್ಟೆ ಇಟ್ಟಿದ್ದಾರೆ. ಹಿಕ್ಕೆ ಕಂಡರೆ ಒಂದು ಬಟ್ಟೆ ನೆನೆಸಿ ಅದರ ಮೇಲೆ ಎರಡು ನಿಮಿಷ ಹಾಸುತ್ತಾರೆ. ಆಮೇಲೆ ಉಜ್ಜದೆ ಎತ್ತಿ ತೆಗೆಯುತ್ತಾರೆ.