ಭದ್ರತಾ ಮಂಡಳಿಯ ಚುನಾವಣೆಯನ್ನು ಕ್ಲಾಸಿನಲ್ಲೇ ಮಾಡಿಸಿದೆ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 15 ದೇಶಗಳು. ಐದು ಕಾಯಂ, ಹತ್ತು ತಾತ್ಕಾಲಿಕ. ಇಷ್ಟನ್ನು ಪಿಯು ಮಕ್ಕಳು ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಆ ಹತ್ತು ದೇಶ ಅಲ್ಲಿಗೆ ಹೇಗೆ ಬಂದವು ಅಂತ ಕೇಳಿದರೆ ಮಾತ್ರ ಕ್ಲಾಸು ಸುಮ್ಮನಾಗುತ್ತದೆ. ನನಗೆ ತುಂಬಾ ಇಷ್ಟದ ವಿಷಯ ಇದು. ಬಸವನಗುಡಿ ಕಡೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಈ ಸಲ ನೋಟ್ಸ್ ಕೊಡುವ ಬದಲು ಚುನಾವಣೆಯನ್ನೇ ನಡೆಸಿದೆ.

2020ರ ಜೂನ್ ಚುನಾವಣೆಯನ್ನು ಆರಿಸಿಕೊಂಡೆ. ಪ್ರತಿ ವರ್ಷ ಐದು ಸೀಟು ಖಾಲಿಯಾಗುತ್ತವೆ. ಅವಧಿ ಎರಡು ವರ್ಷ, ಮುಗಿದ ಕೂಡಲೇ ಅದೇ ದೇಶ ಮತ್ತೆ ನಿಲ್ಲುವ ಹಾಗಿಲ್ಲ. ಹತ್ತು ಸೀಟಿನಲ್ಲಿ ಆಫ್ರಿಕಾಕ್ಕೆ ಮೂರು, ಏಷ್ಯಾ-ಪೆಸಿಫಿಕ್‌ಗೆ ಎರಡು, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ಗೆ ಎರಡು, ಪಶ್ಚಿಮ ಯುರೋಪ್ ಮತ್ತು ಇತರೆ ದೇಶಗಳ ಗುಂಪಿಗೆ (ಕೆನಡಾ ಇರುವುದೂ ಇದರಲ್ಲೇ) ಎರಡು, ಪೂರ್ವ ಯುರೋಪಿಗೆ ಒಂದು. ಆ ವರ್ಷ ಪಶ್ಚಿಮ ಯುರೋಪ್ ಗುಂಪಿನ ಎರಡು ಸೀಟಿಗೆ ನಾರ್ವೆ, ಐರ್ಲೆಂಡ್, ಕೆನಡಾ ಮೂರೂ ನಿಂತಿದ್ದವು. ಕ್ಲಾಸಿಗೆ ಆ ಪೈಪೋಟಿ ಒಂದೇ ಸಾಕು ಅಂತ ತೀರ್ಮಾನಿಸಿದೆ.

ಒಬ್ಬೊಬ್ಬರಿಗೂ ಚೀಟಿ ಎತ್ತಿಸಿ ಒಂದೊಂದು ದೇಶ ಕೊಟ್ಟೆ. ಘಾನಾ ಬಂದ ಹುಡುಗ ತಕ್ಷಣ ಕೇಳಿದ: "ಮೇಡಂ, ಯುರೋಪಿನ ಸೀಟಿಗೆ ನಾನ್ಯಾಕೆ ಓಟು ಹಾಕ್ಬೇಕು?" ಒಳ್ಳೆ ಪ್ರಶ್ನೆ ಅಲ್ವಾ? ಸೀಟು ಒಂದು ಗುಂಪಿನದಾದರೂ ಓಟು ಎಲ್ಲರದು. ಮಹಾಸಭೆಯ 193 ದೇಶಗಳೂ ಎಲ್ಲ ಸೀಟಿಗೂ ಮತ ಹಾಕುತ್ತವೆ. ಹಾಗಾಗಿಯೇ ನಾರ್ವೆಯವರು ಆಫ್ರಿಕಾ, ಕೆರಿಬಿಯನ್ ರಾಯಭಾರಿಗಳ ಬಾಗಿಲು ತಟ್ಟಬೇಕಾಗುತ್ತದೆ.

ಪ್ರಚಾರಕ್ಕೆ ಅರ್ಧ ಗಂಟೆ ಬಿಟ್ಟೆ. ಕೆನಡಾ ಆಗಿದ್ದ ಹುಡುಗಿ ಬೆಂಚಿಂದ ಬೆಂಚಿಗೆ ಓಡಾಡಿ, ಒಪ್ಪಿಕೊಂಡವರ ಹೆಸರನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಟಿಕ್ ಹಾಕುತ್ತಾ ಹೋದಳು. "ಮಾನವ ಹಕ್ಕುಗಳ ಮಂಡಳಿಗೆ ನೀನು ನಿಂತಾಗ ನನ್ನ ಓಟು ನಿಂಗೆ, ಈಗ ನಿನ್ನದು ನಂಗೆ" ಅಂತ ಅವಳು ಹೇಳಿದ್ದು ಕೇಳಿ ಖುಷಿಯಾಯಿತು. ನಾನು ಹೇಳಿಕೊಟ್ಟಿರಲಿಲ್ಲ. ನಿಜವಾದ ರಾಯಭಾರಿಗಳು ಮಾಡುವುದೂ ಇದೇ ಕೊಡು-ಕೊಳ್ಳುವ ಲೆಕ್ಕ.

ಆಮೇಲೆ ಗುಪ್ತ ಮತದಾನ. ನಮ್ಮ ಚೀಟಿಯಲ್ಲಿ ಎರಡು ಖಾಲಿ ಗೆರೆ ಅಷ್ಟೇ ಇಟ್ಟಿದ್ದೆ. ಬೇಕಾದ ದೇಶದ ಹೆಸರನ್ನು ಕೈಯಲ್ಲೇ ಬರೆಯಬೇಕಿತ್ತು. ಮೂರು ಹೆಸರು ಬರೆದರೆ ಅಸಿಂಧು. ಗೆಲ್ಲಲು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಎಣಿಸಿದಾಗ ಕೆನಡಾಗೆ ಸಿಕ್ಕ ಮತ ಅವಳ ಟಿಕ್‌ಗಳಿಗಿಂತ ಎಷ್ಟೋ ಕಡಿಮೆ. "ಹೂಂ ಅಂದವರೆಲ್ಲಾ ಎಲ್ಲಿ ಹೋದ್ರು?" ಅಂತ ಅವಳು ಹಿಂದೆ ತಿರುಗಿ ನೋಡಿದಳು. ಯಾರೂ ಬಾಯಿ ಬಿಡಲಿಲ್ಲ. ನಮ್ಮ ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು. ವಿಶ್ವಸಂಸ್ಥೆಯ ಕಚೇರಿ ಇರುವ ನ್ಯೂಯಾರ್ಕಿನಲ್ಲಿ ಅಂಥ ಕಾವಲಿಲ್ಲ. ಕೊಟ್ಟ ಮಾತು ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇಡೀ ಚುನಾವಣೆಯ ಜೀವ ಇರುವುದು ಇಲ್ಲೇ ಅಂತ ನನಗನಿಸುತ್ತದೆ.

ಆಗ ನಿಜವಾದ ಅಂಕಿಗಳನ್ನು ಬೋರ್ಡ್ ಮೇಲೆ ಬರೆದೆ. ಬೇಕಿದ್ದದ್ದು 128. ನಾರ್ವೆಗೆ 130, ಐರ್ಲೆಂಡ್‌ಗೆ ಸರಿಯಾಗಿ 128, ಕೆನಡಾಗೆ 108. ಏಷ್ಯಾ-ಪೆಸಿಫಿಕ್ ಸೀಟಿಗೆ ಭಾರತ ಒಂದೇ ನಿಂತಿತ್ತು, ಎದುರಾಳಿಯೇ ಇರಲಿಲ್ಲ. ಆದರೂ ಮತದಾನ ನಡೆಯಿತು, ಮತ ಹಾಕಿದ 192 ದೇಶಗಳಲ್ಲಿ 184ರ ಮತ ಬಂತು. ಅವಿರೋಧ ಆಯ್ಕೆ ಅಂತ ಘೋಷಿಸಿ ಕೂರುವ ಪದ್ಧತಿ ಅಲ್ಲಿಲ್ಲ. 1996ರ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಆಗ ಜಪಾನ್ ಎದುರು ನಿಂತ ಭಾರತಕ್ಕೆ ಬಿದ್ದದ್ದು 40 ಮತ, ಜಪಾನಿಗೆ 142. ಅಣುಪರೀಕ್ಷೆಗಳನ್ನು ನಿಷೇಧಿಸುವ ಸಿಟಿಬಿಟಿ ಒಪ್ಪಂದಕ್ಕೆ ಸಹಿ ಹಾಕಲ್ಲ ಅಂತ ನಾವು ಆಗಷ್ಟೇ ಹೇಳಿದ್ದೆವು.

ನಮ್ಮ ಕ್ಲಾಸಿನಲ್ಲಿ ಮೊದಲ ಸುತ್ತಿಗೆ ನಾರ್ವೆ ಮಾತ್ರ ದಾಟಿತು. ಉಳಿದಿರುವ ಸೀಟಿನ ಎರಡರಷ್ಟು ಅಭ್ಯರ್ಥಿಗಳು ಮಾತ್ರ ಮುಂದಿನ ಸುತ್ತಿಗೆ, ಅಂದರೆ ಐರ್ಲೆಂಡ್ ಮತ್ತು ಕೆನಡಾ. ಬೆಲ್ ಹೊಡೆಯುವವರೆಗೂ ತೀರ್ಮಾನ ಆಗಲಿಲ್ಲ. ಮಕ್ಕಳಿಗೆ ಬೇಜಾರಾಯಿತು, ಆದರೆ ಇದೇನೂ ಹೊಸತಲ್ಲ. 1979ರಲ್ಲಿ ಶುರುವಾದ ಚುನಾವಣೆಯಲ್ಲಿ ಕ್ಯೂಬಾ, ಕೊಲಂಬಿಯಾ ಪಟ್ಟು ಬಿಡದೆ 154 ಸುತ್ತು ನಡೆದು, ಕೊನೆಗೆ ಇಬ್ಬರೂ ಹಿಂದೆ ಸರಿದು 155ನೇ ಸುತ್ತಿನಲ್ಲಿ ಮೆಕ್ಸಿಕೊ ಬಂತು. 2016ರಲ್ಲಿ ಇಟಲಿ, ನೆದರ್ಲೆಂಡ್ಸ್ 95-95ಕ್ಕೆ ನಿಂತಾಗ ಅವಧಿಯನ್ನೇ ಒಂದೊಂದು ವರ್ಷ ಹಂಚಿಕೊಂಡವು. ಇದನ್ನು ಕೇಳಿದ ನಮ್ಮ ಐರ್ಲೆಂಡ್ ಹುಡುಗ ಕಾರಿಡಾರಿನಲ್ಲೇ ಕೆನಡಾ ಜೊತೆ ಮಾತುಕತೆ ಶುರು ಮಾಡಿದ.

ಮಾರನೇ ದಿನ ಒಬ್ಬಳು ಕೇಳಿದಳು: "ವೀಟೋನೇ ಇಲ್ಲದ ಸೀಟಿಗೆ ಇಷ್ಟೆಲ್ಲಾ ಓಡಾಟ ಯಾಕೆ ಮೇಡಂ?" ವೀಟೋ ಅಂದರೆ ನಿರ್ಣಯವನ್ನು ಒಂದೇ ಮತದಿಂದ ತಡೆಯುವ ಅಧಿಕಾರ, ಅದು ಕಾಯಂ ದೇಶಗಳಿಗೆ ಮಾತ್ರ. ಆದರೆ ಮಂಡಳಿಯಲ್ಲಿ ನಿರ್ಣಯ ಪಾಸಾಗಲು ಒಂಬತ್ತು ಮತ ಬೇಕು. ಐದು ಕಾಯಂ ದೇಶಗಳೂ ಒಂದಾದರೂ ಇನ್ನೂ ನಾಲ್ಕು ಮತ ಈ ಹತ್ತರಿಂದಲೇ ಬರಬೇಕು. ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ ಎಲ್ಲರಿಗೂ ಸುತ್ತಿ ಬರುತ್ತದೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಆ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಕರಾವಳಿಯವರೇ ಆದ ಬೆನಗಲ್ ನರಸಿಂಗ ರಾವ್. ಭಾರತ ಮಂಡಳಿಗೆ ಆರಿಸಿ ಬಂದದ್ದು ಅದೇ ಮೊದಲ ಸಲ.